ಎದಿಗೆ ಮರಾಠಿಯಾಗ ಏನಂತಾರ

ಹನ್ನೊಂದರ ಎಸ್ಟಿ ಬಸ್ಸು ಇವತ್ತು ದಾರಿಯಲ್ಲೇ ಕೆಟ್ಟು ನಿಲ್ಲಲಿ ಎಂದು ಈಶ್ವರ ಬೆಳಿಗ್ಗೆ ಎದ್ದಾಗಿನಿಂದ ಬಯಸುತ್ತಿದ್ದ. ಹಾಗೆ ಬಯಸುತ್ತಿರುವುದು ತನಗೇ ಅರಿವಾಗಿ ನಾಚಿ, ಬರಲಿ ಪಾಪ, ಮಿರಜದಿಂದ ಬಿಸಿಲಲ್ಲಿ ಇಷ್ಟು ದೂರ ಬರುವ ಹೆಣ್ಣುಮಗಳು, ಎಂದು ತಿದ್ದಿಕೊಳ್ಳುತ್ತಿದ್ದ. ಮತ್ತೆ ಐದು ನಿಮಿಷಕ್ಕೆ ಅದನ್ನೇ ಬಯಸುತ್ತಿದ್ದ. ಮುಚ್ಚಂಡಿಯ ಎಸ್ಟಿ ನಿಲ್ಲುವ ಕಟ್ಟೆಯ ಮೇಲೆ ಪಕ್ಕದಲ್ಲಿ ಕುಳಿತಿದ್ದ ಮುದುಕ ಬಸಗೊಂಡ, "ಸಾಲಿ ಬಿಟ್ಟು ಇಲ್ಲ್ಯಾಕ ಕುಂತೀರಿ ಗುರೂಜಿ?" ಎಂದು ಕೇಳಿದ. "ದವಾಖಾನಿ ಸಿಸ್ಟರ್ ಬರಾಕ ಹತ್ಯಾರ, ನಮ್ಮ ವೈನೀನ ನೋಡಾಕ," ಎಂದ ಈಶ್ವರ. ಬಸಗೊಂಡ ಎರಡೂ ಕೈ ಹಣೆಗೆ ಮುಟ್ಟಿಸಿ, "ದೊಡ್ಡ ಮಂದಿ ಬಿಡ್ರಿ. ಅವರಿಂದ ಸಂಗವ್ವ ಉಳದ್ಲು. ಅವರಿಂದ ಅಷ್ಟ ಅಲ್ಲ, ನಿಮ್ಮಿಂದ. ಇಂಥಾ ಮೈದುನ ಯಾರಿಗೆ ಸಿಗತಾನ?" ಎಂದ. ಊರಲ್ಲಿ ಎಲ್ಲರೂ ಹೀಗೇ ಅನ್ನುತ್ತಿದ್ದರು. ನಾಲ್ಕು ವರ್ಷದಿಂದ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಈಶ್ವರ ಮುಖ ಬೇರೆ ಕಡೆ ತಿರುಗಿಸುತ್ತಿದ್ದ. ಅದನ್ನೂ ಜನ ಅವನ ದೊಡ್ಡ ಗುಣವೆಂದೇ ತಿಳಿಯುತ್ತಿದ್ದರು.

ಮೂರು ದಿನದ ಹಿಂದೆ ಸಿಸ್ಟರ್ ರೂಪಾಲಿ ಫೋನು ಮಾಡಿದ್ದಳು. ಕ್ಯಾನ್ಸರಿನಿಂದ ಪಾರಾದವರು ಹೇಗಿದ್ದಾರೆ ಎಂದು ಈ ವರ್ಷ ಮನೆಮನೆಗೆ ಹೋಗಿ ನೋಡುತ್ತಿದ್ದೇವೆ. ಜಡ್ಡು ಮೊದಲು ಯಾವಾಗ ಗೊತ್ತಾಯಿತು, ಯಾವ ಡಾಕ್ಟರಿಗೆ ಏನೆಂದು ಹೇಳಿದಿರಿ, ತಡವಾದದ್ದಕ್ಕೆ ಕಾರಣವೇನು, ಎಲ್ಲ ಬರೆದುಕೊಳ್ಳಬೇಕು. ನಿಮ್ಮ ವೈನಿಯವರಿಗೆ ಕನ್ನಡವಷ್ಟೇ ಬರುತ್ತದಲ್ಲ, ನೀವು ಮನೆಯಲ್ಲಿದ್ದು ಮರಾಠಿಯಲ್ಲಿ ಹೇಳಿದರೆ ಉಪಕಾರವಾಗುತ್ತದೆ. ಅಗದಿ ಸಂತೋಷದಿಂದ, ಎಂದು ಅವನು ಒಪ್ಪಿಕೊಂಡಿದ್ದ. ಒಪ್ಪದೆ ಏನು ಮಾಡುವುದು? ಆ ಮನೆಯ ಮರಾಠಿ ಎಂದರೆ ಅವನೇ. ಅಣ್ಣ, ಅಂದರೆ ವೈನಿಯ ಗಂಡ, ಶಿವಯೋಗೆಪ್ಪನ ಮರಾಠಿ ಬೆಲ್ಲ, ಶೇಂಗಾಗಳ ತೂಕಕ್ಕೆ ಸಾಕಾಗುವ ಸಂತೆಯ ಮರಾಠಿ. ಕಚೇರಿ, ಕೋರ್ಟು, ದವಾಖಾನೆ ಬಂದರೆ ಅಂಗಡಿಯ ಬಾಗಿಲಲ್ಲಿ ನಿಂತೇ, "ಈಶ್ವರನ್ನ ಕರೀರಿ," ಎನ್ನುತ್ತಿದ್ದ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಮಾಸ್ತರನಾದ ಈಶ್ವರ ಮರಾಠಿ ಪರೀಕ್ಷೆಯಲ್ಲಿ ಮರಾಠಿ ಹುಡುಗರನ್ನೇ ಹಿಂದೆ ಹಾಕಿದವನು. ಸಾಹೇಬರು, ಎಷ್ಟು ಶುದ್ಧ ಮರಾಠಿ ನಿಮ್ಮದು, ಎಂದರೆ ಒಳಗೊಳಗೇ ಹಿಗ್ಗುವವನು. ಒಂದೇ ಒಂದು ಶಬ್ದ ಬೇಕಾದಾಗ ಆ ಶುದ್ಧ ಮರಾಠಿ ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಸಿಕ್ಕಿಕೊಂಡಿತ್ತು ಎಂದು ನಾಲ್ಕು ವರ್ಷ ತನಗೆ ತಾನು ಹೇಳಿಕೊಂಡಿದ್ದ. ಅದೂ ಪೂರ್ತಿ ನಿಜವಲ್ಲ.

ಎಸ್ಟಿ ಸರಿಯಾದ ಹೊತ್ತಿಗೇ ಬಂತು. ರೂಪಾಲಿ ಕೊಡೆ ಬಿಚ್ಚುತ್ತ ಇಳಿದು, ನಮಸ್ಕಾರ ಗುರೂಜಿ ಎಂದು ನಕ್ಕಳು. ಮೂವತ್ತರ ಒಳಗಿನ ವಯಸ್ಸು, ಹೆಗಲಲ್ಲಿ ದೊಡ್ಡ ಚೀಲ, ನಡಿಗೆಯಲ್ಲಿ ಅವಸರ. ದಾರಿಯುದ್ದಕ್ಕೂ ಅವಳು ಮರಾಠಿಯಲ್ಲಿ ದಾಳಿಂಬೆ ತೋಟಗಳ ಬಗ್ಗೆ, ಬಿಸಿಲಿನ ಬಗ್ಗೆ ಮಾತಾಡುತ್ತಿದ್ದಳು. ಅವನು ಹೂಂ ಎನ್ನುತ್ತ, ಇದೇ ದಾರಿಯಲ್ಲಿ ವೈನಿಯನ್ನು ಮೊದಲ ಸಲ ಜತ್ತಿಗೆ ಕರೆದುಕೊಂಡು ಹೋದ ದಿನದಲ್ಲಿ ನಡೆಯುತ್ತಿದ್ದ. ಅದರ ಹಿಂದಿನ ದಿನ ಅವಳು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ತಲೆ ಎತ್ತದೆ, "ಈಶ್ವರ, ನನ್ನ ಎದ್ಯಾಗ ಏನೋ ಗಂಟಾದಂಗ ಆಗೇತಿ. ನಿಮ್ಮಣ್ಣಗ ಹೇಳಬ್ಯಾಡ. ಡಾಕ್ಟರಗ ನೀ ಹೇಳು," ಎಂದಿದ್ದಳು. ಹೇಳುವಾಗ ಅವಳ ಬಲಗೈ ಸೆರಗಿನೊಳಗೆ ಎಡಕ್ಕೆ ಹೋಗಿ, ಬಿಸಿ ತಾಗಿದವರ ಹಾಗೆ ಹಿಂದಕ್ಕೆ ಬಂತು. ಅವನು ಆ ಕೈಯನ್ನು ನೋಡಿದ್ದ. ಅವ್ವ ಸತ್ತ ಮೇಲೆ ಹನ್ನೆರಡು ವರ್ಷದವನಾಗಿದ್ದ ತನಗೆ ಉಣ್ಣಲು ಇಕ್ಕಿದ ಕೈ ಅದು. ಅವಳ ಮಗ ವಿಜಯಕುಮಾರ ಹುಟ್ಟಿದಾಗ ಕೂಸಿಗೆ ಹಾಲು ಕುಡಿಸುತ್ತ, "ಆ ಕಡೆ ಮಾರಿ ಮಾಡಿ ಉಣ್ಣೋ," ಎಂದು ನಗುತ್ತಿದ್ದಳು. ಅವನು ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದ. ಜೋಳದ ಮೊರದ ಮುಂದೆಯೂ ಅವನು ಗೋಡೆಯನ್ನೇ ನೋಡಿದ.

ಜತ್ತಿನ ಡಾಕ್ಟರರ ಕೋಣೆಯಲ್ಲಿ ಅವತ್ತು ಬೆಂಚಿನ ಮೇಲೆ ಹತ್ತು ಜನರಿದ್ದರು. ಅದರಲ್ಲಿ ಇಬ್ಬರು ಅವನ ಶಾಲೆಯ ಮಕ್ಕಳ ಅಪ್ಪಂದಿರು. ಏನಾಗುತ್ತಿದೆ, ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದರು, ವೈನಿಯನ್ನಲ್ಲ, ಅವನನ್ನು. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದಾರೆ ಅನ್ನಿಸಿತು. 'ಛಾತೀತ ದುಖತಂಯ' ಎಂದುಬಿಟ್ಟ. ಎದೆಯಲ್ಲಿ ನೋವು. ಗಂಟು ಎನ್ನಲಿಲ್ಲ, ಎಲ್ಲಿ ಎನ್ನಲಿಲ್ಲ. ಡಾಕ್ಟರು ಸೀರೆಯ ಮೇಲೆಯೇ ಕೊಳವೆ ಇಟ್ಟು ಕೇಳಿ, ಹಾರ್ಟಿನ ಮೇಲೆ ಸ್ವಲ್ಪ ತ್ರಾಸ ಇರಬಹುದು ಎಂದು ಬೀಪಿಯ ಗುಳಿಗೆ, ಗ್ಯಾಸಿನ ಗುಳಿಗೆ ಬರೆದುಕೊಟ್ಟರು. ಹೊರಗೆ ಬಂದಾಗ ಅವನಿಗೆ ಆದದ್ದು ಭಯವಲ್ಲ, ಹಗುರು. ಹಾರ್ಟು ಮರ್ಯಾದೆಯ ಜಡ್ಡು. ನಾಲ್ಕು ಜನರ ಮುಂದೆ ಹೇಳಬಹುದಾದ ಜಡ್ಡು. ಸೊರಡಿಯಿಂದ ಬೀಗರು ಮಾತಾಡಿಸಲು ಬಂದರು. ಅಣ್ಣ ಅವಳಿಗೆ ಕೂರಲು ಅಂತಲೇ ಒಂದು ಕುರ್ಚಿ ತಂದ. ನೆರೆಮನೆಯ ಸಿದ್ದಲಿಂಗವ್ವ, "ನೀ ಕೊಡ ಎತ್ತಬ್ಯಾಡ ತಾಯಿ, ಹಾರ್ಟಿನಾಕಿ," ಎಂದು ನೀರು ತಂದುಕೊಟ್ಟಳು. ವೈನಿ ಕುರ್ಚಿಯ ತುದಿಯಲ್ಲಿ ಕುಳಿತು ಎಲ್ಲರ ಮಾತು ಕೇಳುತ್ತಿದ್ದಳು. ಈಶ್ವರ ಅವಳ ಕಣ್ಣು ತಪ್ಪಿಸಿ ಶಾಲೆಗೆ ಹೋಗುತ್ತಿದ್ದ. ಗುಳಿಗೆ ತೀರಿದಾಗ ಮತ್ತೆ ತಂದುಕೊಡುತ್ತಿದ್ದ. ಒಂದು ದಿನವೂ ತಪ್ಪಿಸಲಿಲ್ಲ.

ಮನೆಗೆ ಬಂದಾಗ ಸಂಗವ್ವ ಬಾಗಿಲಲ್ಲೇ ನಿಂತಿದ್ದಳು. "ಬರ್ರಿ ಬಾಯಾರ, ಕುಂದ್ರಿ. ಬಿಸಲಾಗ ಭಾಳ ತ್ರಾಸಾತು ನಿಮಗ," ಎಂದು ನೀರಿನ ತಂಬಿಗೆ ಕೊಟ್ಟಳು. ಬಲಗೈ ತುಂಬ ಹಸಿರು ಬಳೆ, ಎಡಗೈ ಬರಿದು. ಬಗಲಿನ ಗಂಟುಗಳನ್ನು ತೆಗೆದ ಮೇಲೆ ಆ ಕೈ ಬಾತು ದಪ್ಪಗಾಗಿ ಬಳೆ ಏರುತ್ತಿರಲಿಲ್ಲ; ಬಳೆಗಾರ್ತಿ ಬಂದಾಗಲೆಲ್ಲ, "ನನಗ ಅರ್ಧಾ ಡಜನ್ ಸಾಕವಾ," ಎಂದು ತಾನೇ ಮೊದಲು ನಗುತ್ತಿದ್ದಳು. ರೂಪಾಲಿ ಎಡಗೈಯ ಸುತ್ತ ಟೇಪು ಹಿಡಿದು ಅಳೆದಳು, ಬಲಗೈಗೆ ಪಟ್ಟಿ ಕಟ್ಟಿ ಬೀಪಿ ನೋಡಿದಳು, ಕಳೆದ ತಿಂಗಳ ಹಾರ್ಟಿನ ಎಕೋ ವರದಿ ಓದಿ ತಲೆದೂಗಿದಳು. ಹಾರ್ಟು ಛಲೋ ಇದೆ, ರಕ್ತ ಒತ್ತುವ ಬಲ ನೂರಕ್ಕೆ ಐವತ್ತೈದಕ್ಕೆ ಬಂದಿದೆ, ಎಂದು ಮರಾಠಿಯಲ್ಲಿ ಹೇಳಿದಳು. ಈಶ್ವರ ಅದನ್ನು ಕನ್ನಡದಲ್ಲಿ ಹೇಳಿದ. ಹೇಳುವಾಗ ಅವನ ಧ್ವನಿ ಒಂದಿಷ್ಟು ಒಡೆಯಿತು, ಯಾಕೆಂದರೆ ಹಾರ್ಟಿನ ಸುದ್ದಿ ಬಂದರೆ ಅವನಿಗೆ ಇಂದಿಗೂ ಬೆವರುತ್ತದೆ. ಕ್ಯಾನ್ಸರಿಗೆ ಕೊಟ್ಟ ಕೆಂಪು ಔಷಧ ಮೂರನೆಯ ಸಲಕ್ಕೆ ಅವಳ ಹಾರ್ಟನ್ನು ಸುಸ್ತು ಮಾಡಿತ್ತು. ಅರವತ್ತೆರಡು ಇದ್ದದ್ದು ನಲವತ್ತನಾಲ್ಕಕ್ಕೆ ಇಳಿದಿದೆ ಎಂದು ಡಾಕ್ಟರು ಹೇಳಿದಾಗ ಅವನಿಗೆ ಮಿರಜದ ದವಾಖಾನೆಯ ಜಗುಲಿಯೇ ಕುಸಿದಂತಾಗಿತ್ತು: ಇಲ್ಲದ ಹಾರ್ಟಿನ ಜಡ್ಡನ್ನು ತಾನು ಬಾಯಿಂದ ಹುಟ್ಟಿಸಿದೆ, ಈಗ ಅದು ನಿಜವಾಗಿಯೂ ಬಂದು ಕೂತಿತು. ಆದರೆ ಕ್ಯಾನ್ಸರಿನ ಡಾಕ್ಟರು ಅಲ್ಲೇ ನಿಂತು ಹಾರ್ಟಿನ ಡಾಕ್ಟರಿಗೆ ಫೋನು ಮಾಡಿದರು. ಅವರು ಊಟ ಅರ್ಧಕ್ಕೆ ಬಿಟ್ಟು ಮೇಲಿನಿಂದ ಇಳಿದು ಬಂದರು. ಇಬ್ಬರೂ ಒಂದೇ ಫೈಲಿನ ಮೇಲೆ ಬಾಗಿ, ಔಷಧ ಬದಲಿಸಿ, ಗುಳಿಗೆ ಹಚ್ಚಿ, ಪ್ರತಿ ತಿಂಗಳೂ ನೋಡಿ ನೋಡಿ ಮತ್ತೆ ಏರಿಸಿದರು. ಆ ಇಬ್ಬರ ಹೆಸರು ಹಿಡಿದು ಅವನು ಇಂದಿಗೂ ದಿನಾ ಕೈ ಮುಗಿಯುತ್ತಾನೆ. ಅವರಿಬ್ಬರಿಗೂ ಮುಂಚೆ ಇನ್ನೊಂದು ಹೆಸರಿದೆ.

ನಂದಾ. ಇಸಿಜಿ ತೆಗೆಯುವ ಹೆಣ್ಣುಮಗಳು. ಗುಳಿಗೆ ನುಂಗಿಯೂ ವೈನಿ ಸೊರಗುತ್ತ ಹೋದಾಗ ಜತ್ತಿನ ಡಾಕ್ಟರು ಹಾರ್ಟು ತಪಾಸಣೆಗೆಂದು ಮಿರಜಕ್ಕೆ ಕಳಿಸಿದ್ದರು. ಪರದೆಯ ಹಿಂದೆ ನಂದಾ ಎದೆಯ ಎಡಭಾಗಕ್ಕೆ ವೈರು ಹಚ್ಚಲು ಹೋಗಿ, ಗಂಟು ಕಂಡು ಕೈ ನಿಲ್ಲಿಸಿ, ಯಂತ್ರ ಬಂದ್ ಮಾಡಿದಳಂತೆ. ವೈನಿಯ ಸೆರಗು ಹೊದಿಸಿ, ಹಣೆ ಸವರಿ ಹೊರಗೆ ಬಂದಳು. ದಿನಕ್ಕೆ ಅರವತ್ತು ಜನರಿಗೆ ಅದೇ ವೈರು ಹಚ್ಚುವವಳು. ಕಂಡೂ ಕಾಣದ ಹಾಗೆ ಗೆರೆ ತೆಗೆದು ಕಳಿಸಿಬಿಟ್ಟಿದ್ದರೆ ಅವಳ ಕೆಲಸದಲ್ಲಿ ತಪ್ಪು ಹುಡುಕುವವರು ಯಾರೂ ಇರಲಿಲ್ಲ. ಹೊರಗೆ ಈಶ್ವರನನ್ನು ನೋಡಿ, ನಿಮಗೆ ಗೊತ್ತಿರಲಿಲ್ಲವೇ, ಎಂದು ಕೇಳಿದಳು. 'ನಾಹೀ' ಎಂದ ಅವನು. ಇಲ್ಲ. ಮೊದಲ ಸುಳ್ಳಿಗೆ ಹತ್ತು ಜನರ ಕಣ್ಣಿನ ನೆಪವಿತ್ತು. ಎರಡನೆಯದನ್ನು ಖಾಲಿ ಜಗುಲಿಯಲ್ಲಿ, ವೈನಿಯನ್ನು ಉಳಿಸಲು ಹೊರಟವಳ ಮುಖ ನೋಡುತ್ತ ಹೇಳಿದ್ದ. ನಂದಾ ಅದನ್ನು ನಂಬಿದಳು. ಡಾಕ್ಟರನ್ನು ಕರೆತರಲು ಓಡಿಹೋದಳು.

ಚಹಾ ಬಂತು. ರೂಪಾಲಿ ಕಾಗದ ತೆಗೆದು, ಪೆನ್ನು ಬಿಚ್ಚಿ, ತಕ್ಷಣ ಬರೆಯಲಿಲ್ಲ. ಗುರೂಜಿ, ನೀವು ಕಲಿತವರು, ನಿಮ್ಮನ್ನೇ ಒಂದು ಕೇಳುತ್ತೇನೆ, ಎಂದಳು. ಅವಳ ಮರಾಠಿ ಮಾತಿನ ತಾತ್ಪರ್ಯ ಇಷ್ಟು: ಈ ತಾಲೂಕಿನ ಕನ್ನಡ ಊರುಗಳಿಂದ ಇದೇ ಕ್ಯಾನ್ಸರಿಗೆ ಬಂದವರಲ್ಲಿ ಹನ್ನೊಂದು ಹೆಣ್ಣುಮಕ್ಕಳ ಮೊದಲ ಚೀಟಿಯಲ್ಲಿ 'ಛಾತಿಯ ನೋವು' ಎಂದೇ ಇದೆ. ಹನ್ನೊಂದೂ ಜನ ತಿಂಗಳುಗಟ್ಟಲೆ ಹಾರ್ಟಿನ ಗುಳಿಗೆ ನುಂಗಿ ಆಮೇಲೆ ನಮ್ಮ ಕಡೆ ಬಂದವರು. ಬೇರೆ ಕಡೆಯವರಲ್ಲಿ ಹೀಗಿಲ್ಲ. ಡಾಕ್ಟರುಗಳಿಗೆ ಇದರ ಕಾರಣ ತಿಳಿಯುತ್ತಿಲ್ಲ. ಹನ್ನೊಂದರಲ್ಲಿ ನಾಲ್ವರ ಮನೆಗೆ ನಾನು ಈಗ ಹೋಗುವ ಹಾಗಿಲ್ಲ, ಅವರು ಉಳಿಯಲಿಲ್ಲ. ಕಾರಣ ಗೊತ್ತಾದರೆ ಮುಂದೆ ಬರುವವರಿಗಾದರೂ ಆಗುತ್ತದೆ.

ಹನ್ನೊಂದು. ಈಶ್ವರನಿಗೆ ಹನ್ನೊಂದು ಕೋಣೆಗಳು ಕಂಡವು, ಹನ್ನೊಂದು ಬೆಂಚು, ಸೆರಗು ಬಿಗಿ ಹಿಡಿದು ಕೂತ ಹನ್ನೊಂದು ಹೆಣ್ಣುಮಕ್ಕಳು, ಅವರ ಪಕ್ಕದಲ್ಲಿ ನಿಂತು ಅವರ ಪರವಾಗಿ ಮರಾಠಿಯಲ್ಲಿ ಮಾತಾಡುವ ಮಗ, ಗಂಡ, ತಮ್ಮ, ಮೈದುನ. ಎಲ್ಲರೂ ಒಳ್ಳೆಯವರೇ. ಎಲ್ಲರೂ ಗೋಡೆ ನೋಡುವವರು. ಇಷ್ಟು ದಿನ ತನ್ನೊಬ್ಬನದೆಂದು ಮುಚ್ಚಿಟ್ಟ ಪಾಪ ಊರೂರಲ್ಲಿ ಇತ್ತೆಂದು ತಿಳಿದರೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಹೇಳಬೇಕು. ಮರಾಠಿಯಲ್ಲಿ ಹೇಳಿದರೂ, ಕಾಗದಕ್ಕೆ ಬಿದ್ದದ್ದು ಇವತ್ತಲ್ಲ ನಾಳೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ ವೈನಿಗೆ ಗೊತ್ತಾಗುತ್ತದೆ. ಇವತ್ತಿನವರೆಗೆ ಅವಳು ಅವನ ತಾಟಿಗೆ ರೊಟ್ಟಿ ಹಾಕಿದ್ದು ತನ್ನನ್ನು ಉಳಿಸಿದ ಮೈದುನ ಎಂದು. ನಾಳೆಯಿಂದ ಏನೆಂದು ಹಾಕುತ್ತಾಳೆ? ಅಷ್ಟರಲ್ಲಿ ಅವನ ಕಲಿತ ಬುದ್ಧಿಗೆ ಒಂದು ಸಂದು ಸಿಕ್ಕಿತು. ಅದರಲ್ಲಿ ನುಸುಳಿದ. ಸಿಸ್ಟರ್, ಅದು ನಮ್ಮ ಭಾಷೆಯ ತೊಂದರೆ, ಎಂದು ಪಾಠ ಹೇಳುವ ಧ್ವನಿಯಲ್ಲಿ ಶುರುಮಾಡಿದ. ಕನ್ನಡದಲ್ಲಿ ಎದಿ ಎಂದರೆ ಛಾತಿಯೂ ಹೌದು, ಹೃದಯವೂ ಹೌದು, ಹೆಂಗಸರ ಆ ಭಾಗವೂ ಹೌದು. ಮೂರಕ್ಕೂ ಒಂದೇ ಶಬ್ದ. ಅದನ್ನು ಮರಾಠಿಗೆ ತರುವಾಗ ಛಾತಿ ಆಗಿಬಿಡುತ್ತದೆ. ರೂಪಾಲಿಯ ಮುಖ ಅರಳಿತು. ಅಯ್ಯೋ, ಇಷ್ಟೇನಾ, ಇದನ್ನು ಯಾರೂ ನಮಗೆ ಹೇಳಲಿಲ್ಲವಲ್ಲ, ಎನ್ನುತ್ತ ಭರಭರ ಬರೆಯತೊಡಗಿದಳು. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದಕ್ಕೇ ಅವನಿಗೆ ಮೊದಲಿನ ಎರಡು ಸುಳ್ಳುಗಳಿಗಿಂತ ಇದೇ ಹೆಚ್ಚು ಅಸಹ್ಯವೆನಿಸಿತು.

"ಅದನ್ನ ಬರೀಬ್ಯಾಡ್ರಿ ಬಾಯಾರ," ಎಂದಳು ಸಂಗವ್ವ, ಕಾಗದದ ಕಡೆ ಬೇಡವೆಂದು ಕೈ ಆಡಿಸಿ.

ಪೆನ್ನು ನಿಂತಿತು. ಮರಾಠಿಯಲ್ಲಿ ಆಡಿದ್ದು ಇವಳಿಗೆ ಹೇಗೆ ತಿಳಿಯಿತೆಂದು ಈಶ್ವರ ಬೆಚ್ಚಿ ನೋಡಿದ. ಅವಳು ಒಳಗೆ ಬಂದು ನೆಲದ ಮೇಲೆ ಕುಳಿತು, ಬಾತ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಈಶ್ವರ, ನಮ್ಮ ಮಾತಿನ ಮ್ಯಾಲ ಯಾಕ ಹಾಕ್ತಿ? ಮೊಲಿ ಅನ್ನೂದಿಲ್ಲೇನ ನಾವು? ಹುಟ್ಟಿದ ಕೂಸಿಗೂ ಗೊತ್ತಿರೂ ಮಾತದು."

ಆ ಶಬ್ದ ಪಡಸಾಲೆಯಲ್ಲಿ ನಿಂತುಕೊಂಡಿತು. ಎಷ್ಟು ಸಣ್ಣ ಶಬ್ದ. ಈಶ್ವರ ಗೋಡೆಯ ಕಡೆ ತಿರುಗಲು ಹೋದ, ತಿರುಗಲಿಲ್ಲ. "ನನಗ ಗೊತ್ತಿತ್ರಿ ವೈನಿ," ಎಂದ. "ಅವತ್ತ ನೀವು ಎಲ್ಲಿದು ಹೇಳಿದ್ರಿ ಅಂತ ನನಗ ಗೊತ್ತಿತ್ತು. ನಿಮ್ಮ ಕೈ ನೋಡಿದ್ನಿ. ಗೊತ್ತಿದ್ದೂ ಛಾತಿ ಅಂದ್ನಿ. ಗಂಟಂತನೂ ಹೇಳಲಿಲ್ಲ. ಮಿರಜದಾಗ ನಂದಾಬಾಯಿ ಕೇಳಿದ್ರ ಗೊತ್ತಿಲ್ಲ ಅಂದ್ನಿ." ಹೇಳಿ ಮುಗಿಸಿ ಬೈಗುಳಕ್ಕೆ ಕಾದ. ಬೈದರೆ ಎಷ್ಟು ಚೆನ್ನಾಗಿತ್ತು.

"ನೀ ಛಾತಿ ಅಂದದ್ದು ನನಗ ತಿಳೀಲಿಲ್ಲಂತ ಮಾಡಿದ್ಯೇನ?" ಎಂದಳು ಸಂಗವ್ವ. "ಈ ಊರಿಗೆ ಬಂದು ಇಪ್ಪತ್ತೊಂಬತ್ತ ವರ್ಷಾತು. ಮನ್ಯಾಗ ಎಲ್ಲಾರೂ ಸಂಗವ್ವಗ ಮರಾಠಿ ಬರೂದಿಲ್ಲ ಅಂತೀರಿ, ಅನ್ನಲಿ ಬಿಡು ಅಂತ ಸುಮ್ಮನಿದ್ನಿ. ದಿನಾ ಟೀವಿಯಾಗ ಮರಾಠಿ ಸೀರಿಯಲ್ ಹಚ್ಚಿ ಕುಂದರತೀನಿ. ಬರೇ ಸೀರಿ ನೋಡತೀನಂತ ತಿಳದಿದ್ದಿ?" ನಗಬೇಕೋ ಬೇಡವೋ ಎಂದು ಅವನು ನೋಡುತ್ತಿರುವಾಗ ಅವಳೇ ದನಿ ಇಳಿಸಿದಳು. "ನೀ ಹಂಗಂದ ಕೂಡ್ಲೆ ನನಗೂ ಜೀವ ಬಂದಂಗಾತು. ಸೆರಗ ತಗೀರಿ ಅಂತ ಅನ್ನಲಿಲ್ಲಲ್ಲ ಅವರು. ಅವತ್ತ ನೀ ಖರೇ ಹೇಳಿದ್ದಿ ಅಂದ್ರ, ಅಷ್ಟ ಮಂದ್ಯಾಗ, ನಾ ಎದ್ದು ಹೊರಗ ಬರತಿದ್ನಿ. ಮತ್ತ ಯಾವ ದವಾಖಾನಿ ಮೆಟ್ಟಲಾನೂ ತುಳೀತಿರಲಿಲ್ಲ. ಆ ಗುಳಿಗಿ ಉಪಯೋಗಿಲ್ಲಂತ ನುಂಗುವಾಗ ನನಗೂ ಗೊತ್ತಿತ್ತಪಾ."

ಅದು ನಿಜವಿರಬಹುದು. ಅವನನ್ನು ಎತ್ತಿ ನಿಲ್ಲಿಸಲು ಆಡಿದ ಮಾತೂ ಇರಬಹುದು. ಸಣ್ಣವನಿದ್ದಾಗ ಅವನು ಗಡಿಗೆ ಒಡೆದ ತಪ್ಪನ್ನು ಬೆಕ್ಕಿನ ಮೇಲೆ ಹಾಕಿದವಳಲ್ಲವೇ. ಯಾವುದೆಂದು ಅವನಿಗೆ ಎಂದೂ ಗೊತ್ತಾಗುವುದಿಲ್ಲ. ಹೋದ ದಿನಗಳಂತೂ ಹೋದವು, ಆ ಕೈಯ ಬಾವೂ ಇಳಿಯುವುದಿಲ್ಲ. ಆದರೂ ನಾಲ್ಕು ವರ್ಷ ಒಬ್ಬನೇ ಹೊತ್ತದ್ದರ ಇನ್ನೊಂದು ತುದಿಯನ್ನು ಇವಳು ಅಷ್ಟೂ ದಿನ ಹಿಡಿದುಕೊಂಡೇ ಇದ್ದಳು ಎನ್ನುವುದು ಅವನಿಗೆ ಮೆಲ್ಲಗೆ ತಿಳಿಯುತ್ತ ಬಂತು. ಅವಳ ಮೇಲೆ ಇಷ್ಟು ಪ್ರೀತಿ, ಇಷ್ಟು ಕೃತಜ್ಞತೆ ತನ್ನಲ್ಲಿ ಇತ್ತೆಂದು ಅವನಿಗೇ ಗೊತ್ತಿರಲಿಲ್ಲ. ಕಣ್ಣೊರೆಸಿಕೊಂಡ.

ಕನ್ನಡದ ಒಂದು ಮಾತೂ ತಿಳಿಯದ ರೂಪಾಲಿ ಇಬ್ಬರ ಮುಖವನ್ನೂ ನೋಡುತ್ತ ಕುಳಿತಿದ್ದಳು. ಹಾಗಾದರೆ ಕಾರಣ ಏನೆಂದು ಬರೆಯಲಿ, ಎಂದು ಮೆಲ್ಲಗೆ ಮರಾಠಿಯಲ್ಲಿ ಕೇಳಿದಳು. ಈಶ್ವರ ಬಾಯಿ ತೆರೆಯುವ ಮೊದಲೇ ಸಂಗವ್ವ ಅವಳ ಕಡೆ ತಿರುಗಿ, ಆ ಮನೆಗೆ ಬಂದ ಮೇಲೆ ಮೊದಲ ಸಲ ಗಟ್ಟಿಯಾಗಿ, ಮರಾಠಿಯಲ್ಲಿ ಹೇಳಿದಳು:

"ಲಿಹಾ. ಲಾಜ. ದೋಘಾಂಚೀ."

ಬರೀರಿ. ನಾಚಿಕೆ. ಇಬ್ಬರದೂ.

ರೂಪಾಲಿ ಹೊಡೆದುಹಾಕಲು ಹೊರಟಿದ್ದ ಮೊದಲಿನ ಸಾಲನ್ನು ಈಶ್ವರ ತಡೆದ. ಅದೂ ಇರಲಿ, ಡಾಕ್ಟರುಗಳಿಗೆ ಬೇಕಾಗುತ್ತದೆ, ಎಂದು, ಅದರ ಕೆಳಗೆ ತನ್ನ ಕಥೆಯನ್ನು ಮೊದಲಿನಿಂದ ಮರಾಠಿಯಲ್ಲಿ ಹೇಳಿದ: ಬೆಂಚು, ಹತ್ತು ಜನ, ತನ್ನ ಬಾಯಿ. ಕನ್ನಡದ ಹೆಣ್ಣುಮಕ್ಕಳು ಬಂದರೆ ನಮ್ಮಂಥವರನ್ನು ಹೊರಗೆ ಕೂರಿಸಿ, ಕನ್ನಡ ಬರುವ ಒಬ್ಬ ಹೆಂಗಸಿನಿಂದ ಕೇಳಿಸಿರಿ, ಇದನ್ನು ನಾನು ಹೇಳಿದೆನೆಂದೇ ಬರೆಯಿರಿ, ಎಂದ. ಅವಳು ಅವನ ಹೆಸರು ಸಮೇತ ಬರೆದುಕೊಂಡು, ಕೊನೆಯ ಪ್ರಶ್ನೆಗೆ ಬಂದಳು. ಗಂಟು ಕಂಡ ದಿನದಿಂದ ನಮ್ಮ ಹತ್ತಿರ ಬರುವವರೆಗೆ ಎಷ್ಟು ದಿನ ಹೋಯಿತು?

"ಮೂರ ತಿಂಗಳೇನೋ," ಎಂದಳು ಸಂಗವ್ವ.

"ನಾಕ ತಿಂಗಳಾ ಹನ್ನೊಂದ ದಿನಾರಿ," ಎಂದ ಈಶ್ವರ.

ಸಂಗವ್ವ ಅವನನ್ನೇ ನೋಡಿದಳು. ನೋಡುತ್ತ ನೋಡುತ್ತ ಅವಳಿಗೆ ಸಿಟ್ಟು ಬಂತು. ಇಷ್ಟು ಹೊತ್ತು ಬಾರದ ಸಿಟ್ಟು. "ಇಷ್ಟು ವರ್ಷ ಅದನ್ನ ಎಣಸ್ಕೋತ ಕುಂತಿದ್ಯೇನೋ ಹುಚ್ಚಾ? ಹೋದ ದಿನ ಅಷ್ಟ ಎಣಿಸಿದಿ. ಅದರ ಮುಂದ ನಾ ಜೀವಂತ ಓಡ್ಯಾಡಿದ್ದು, ನಿನಗ ರೊಟ್ಟಿ ಬಡದ ಹಾಕಿದ್ದು, ಅದನ್ನ ಯಾರ ಎಣಸಬೇಕು?"

ಈಶ್ವರ ತಲೆ ತಗ್ಗಿಸಿ, ಅವಳು ಕೇಳಿದ್ದನ್ನು ರೂಪಾಲಿಗೆ ಮರಾಠಿಯಲ್ಲಿ ಹೇಳಿದ. ರೂಪಾಲಿ ನಕ್ಕು, ಅದು ನಮ್ಮ ಕೆಲಸ, ಅದನ್ನೇ ಎಣಿಸಲು ನಾನು ಊರೂರು ತಿರುಗುವುದು, ಎಂದು ಕಾಗದ ತಿರುವಿ ಕೆಳಗಿನ ಮೂಲೆಯಲ್ಲಿ, ಮಿರಜಕ್ಕೆ ಬಂದ ದಿನದಿಂದ ಇವತ್ತಿನವರೆಗೆ ಲೆಕ್ಕ ಹಾಕಿ ಬರೆದದ್ದನ್ನು ಗಟ್ಟಿಯಾಗಿ ಓದಿದಳು.

ಸಂಗವ್ವ ರೂಪಾಲಿಯ ಕಡೆ ನೋಡಲಿಲ್ಲ, ಏನೂ ತಿಳಿಯದವಳ ಹಾಗೆ ಮೈದುನನ ಕಡೆ ಮುಖ ಎತ್ತಿ ಕುಳಿತಳು. "ಏನಂತಾರೋ?" ಎಂದಳು.

"ನಾಕ ವರ್ಷ, ಎರಡ ತಿಂಗಳಾ, ಆರ ದಿನ ಅಂತ್ರಿ ವೈನಿ," ಎಂದು ಈಶ್ವರ ಅವಳ ಮುಖ ನೋಡಿಯೇ ಕನ್ನಡದಲ್ಲಿ ಹೇಳಿದ.